ಕಚ್ಚಾ ಹೊಲಿಗೆ

ಬಫಲೋದಲ್ಲಿ ಫೆಬ್ರವರಿ.
ಕ್ರೀಡಾಂಗಣದ ನೆಲಮಾಳಿಗೆಯಲ್ಲಿ ಮೂರು ಡ್ರೈಯರ್‌ಗಳ ಸೆಕೆ,
ಹೊರಗೆ ಸರೋವರದ ಕಡೆಯಿಂದ ಯಾರ ಮಾತೂ ಕೇಳದ ಹಿಮ.
ಮಧ್ಯಾಹ್ನ ಮೂರಕ್ಕೆ ಗಡುವು.
ಅಷ್ಟರೊಳಗೆ ಕೊಡುವವರು ಕೊಡಬೇಕು, ಕೊಳ್ಳುವವರು ಕೊಳ್ಳಬೇಕು;
ಆಮೇಲೆ ಇದ್ದವರೇ ನೆಂಟರು.

ಬೆಳಿಗ್ಗೆ ಎಂಟಕ್ಕೇ ಮೇಲಿನಿಂದ ಚೀಟಿ ಬಂತು:
‘ಹಲೀನಾ, ಒಂದು ಅಂಗಿ ಸಿದ್ಧವಿರಲಿ. ಬಾಯಿ ಬಿಡಬೇಡ.’
ಯೋಕುಬೌಸ್ಕಸ್. ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರ.
ಭುಜದಿಂದ ಭುಜಕ್ಕೆ ಕಮಾನು ಕಟ್ಟಿದರೂ
ಕೊನೆಯ ಎಸ್ ಕಂಕುಳಿಗೆ ಇಳಿಯುತ್ತದೆ.

ಟಕ್ಸನ್‌ನವರು ಅವನಿಗೆ ಬದಲು ಕೇಳುತ್ತಿರುವುದು ಪ್ರೂಯಿಟ್‌ನನ್ನು;
ಸಂಬಳಕ್ಕೆ ಸಂಬಳ ತೂಗಿದೆಯಂತೆ,
ಮೇಲೆ ಕೊಸರಿಗೆ ಮುಂದಿನ ವರ್ಷದ ಎರಡನೇ ಸುತ್ತಿನ ಒಂದು ಆಯ್ಕೆ—
ಇನ್ನೂ ಕಾಲೇಜಿನಲ್ಲಿ ತಿಂಡಿ ತಿನ್ನುತ್ತಿರುವ ಯಾರೋ ಹುಡುಗ.

ಆಟದ ಶಾಸ್ತ್ರ ನನಗೆ ಗೊತ್ತಿಲ್ಲ ಅನ್ನುತ್ತಾರೆ.
ಇಪ್ಪತ್ತಾರು ವರ್ಷ ಇವರ ಬೆವರು ಒಗೆದಿದ್ದೇನೆ.
ಯಾರ ಅಂಗಿ ಎಲ್ಲಿ ಹರಿಯುತ್ತದೋ ಅಲ್ಲೇ ಇರುತ್ತದೆ ಸೋಲು.
ವಿಟ್ಲಾಕ್‌ನ ಕಂಕುಳ ಹೊಲಿಗೆ ಈ ಋತುವಿನಲ್ಲಿ ಒಂಬತ್ತು ಸಲ ಬಿಟ್ಟಿದೆ,
ತನಗಿಂತ ಗೇಣುದ್ದ ಎತ್ತರದವರನ್ನು
ಬುಟ್ಟಿಯ ಕೆಳಗೆ ತಡೆದು ತಡೆದು.
ಅದು ಅವನ ಜಾಗವೇ ಅಲ್ಲ.
ಮೊಣಕಾಲಿಗೆ ಪಟ್ಟಿ, ಪಟ್ಟಿಯ ಮೇಲೊಂದು ಪಟ್ಟಿ.
ನಾಲ್ಕನೇ ಕ್ವಾರ್ಟರ್ ಬಂತೆಂದರೆ ನಮ್ಮ ನಡುಮನೆಗೆ ಬಾಗಿಲಿಲ್ಲ;
ನುಗ್ಗಿದವರು ನುಗ್ಗಿದಂತೆ, ಮರುಪುಟಿದ ಚೆಂಡೂ ಅವರದೇ.

ಆ ಲಿಥುವೇನಿಯಾದವನು ಬಂದು ನಿಂತರೆ
ಏಳಡಿಯ ಅಗುಳಿ ಬಿದ್ದ ಹಾಗೆ.
ವಿಟ್ಲಾಕ್ ತನ್ನ ಪಕ್ಕಕ್ಕೆ ಸರಿದು ಉಸಿರು ಬಿಡಬಹುದು.
ಕ್ವಾಬೆನಾ ಚೆಂಡು ತಟ್ಟುತ್ತಾ ಆ ದೊಡ್ಡ ಭುಜಕ್ಕೆ ಉಜ್ಜಿಕೊಂಡೇ ತಿರುಗಿದರೆ
ಬೆನ್ನಟ್ಟಿ ಬಂದವನು ಗೋಡೆಗೆ ಹಾಯ್ದಂತೆ ನಿಲ್ಲುತ್ತಾನೆ—
ಒಂದು ಉಸಿರಿನಷ್ಟು ಬಯಲು.
ಸಾಕು. ಹನ್ನೊಂದು ಪಂದ್ಯ ನಾವು ಸೋತದ್ದು
ನಾಲ್ಕೋ ಐದೋ ಅಂಕದಲ್ಲಿ.

ಸರಿ, ತೇಪೆ ಬೇಕು. ತೇಪೆಗೆ ಬಟ್ಟೆ?
ಅದನ್ನೂ ಒಂದು ಅಂಗಿಯಿಂದಲೇ ಕತ್ತರಿಸಬೇಕಲ್ಲ.
ಪ್ರೂಯಿಟ್ ಹೋದರೆ ಎಡಮೂಲೆ ಬರಿದು.
ಅಲ್ಲಿ ನಿಂತು ಎಡಗೈಯಿಂದ ಅವನು ಎಸೆದರೆ
ಚೆಂಡು ಬಲೆಯನ್ನು ಮುಟ್ಟಿದ್ದೂ ಬಲೆಗೆ ತಿಳಿಯದು.
ಮೇಲಿನವರ ಲೆಕ್ಕದಲ್ಲಿ ಆ ಮೂಲೆ ಇನ್ನು ಬ್ರಾನಿಗನ್‌ದು:
ಹತ್ತೊಂಬತ್ತರ ಹುಡುಗ,
ತನ್ನ ಕಾಲುಚೀಲದ ಜೋಡಿ ಹುಡುಕಲೂ ಬಾರದವನು.

ಒಂದೂ ಹತ್ತಕ್ಕೆ ಬಾಗಿಲು ತಟ್ಟಿದ್ದು ಪ್ರೂಯಿಟ್ಟೇ.
ಹೊಸ ಅಂಗಿಯನ್ನು ಟವೆಲ್ಲುಗಳ ಕೆಳಗೆ ತುರುಕಿದೆ.
‘ಕೊನೆಯ ಟಿ ಬಿಟ್ಟುಕೊಂಡಿದೆ ನೋಡಿ, ನಾಳೆಯ ಆಟಕ್ಕೆ ಬೇಕು.’
ಯಾರೂ ಅವನಿಗೆ ಏನೂ ಹೇಳಿರಲಿಲ್ಲ;
ಅಥವಾ ಎಲ್ಲರೂ ಹೇಳಿದ್ದರೋ.
ಡ್ರೈಯರ್ ಮೇಲೆ ಕೂತು ಬೆಚ್ಚಗಾಗುತ್ತಾ
ಮಗಳ ಮುಂದಿನ ಹಲ್ಲು ಬಿದ್ದ ಸುದ್ದಿ ಹೇಳಿದ.
‘ಎಫ್ ಅನ್ನಲು ಬರುತ್ತಿಲ್ಲ ಅವಳಿಗೆ,’ ಅಂತ ನಕ್ಕ.
ನಾನು ಎರಡೆಳೆ ದಾರ ಪೋಣಿಸಿದೆ.
ಯಾಕೆ ಅಂತ ಕೇಳಬೇಡಿ.

ಈಗ ಎರಡೂ ಐವತ್ತು.
ಯೋಕುಬೌಸ್ಕಸ್‌ನನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿದ್ದೇನೆ,
ಉದ್ದುದ್ದ ಟಾಕೆ, ಬಿಳಿ ದಾರ, ಗಂಟಿಲ್ಲ.
ಒಂದು ತುದಿ ಎಳೆದರೆ ಹನ್ನೊಂದೂ ಉದುರುತ್ತವೆ.
ತಂಡ ಗೆಲ್ಲಲಿ ಅಂತಲೇ ನನ್ನ ಆಸೆ, ಸುಳ್ಳಲ್ಲ;
ವಿಟ್ಲಾಕ್‌ನ ಮೊಣಕಾಲು ನೆನೆದರೆ
ಫೋನು ಬೇಗ ಬರಲಿ ಅನಿಸುತ್ತದೆ.
ಇಸ್ತ್ರಿಯಾದ ಹದಿನಾಲ್ಕನೇ ನಂಬರು
ಮೊಳೆಯಲ್ಲಿ ತೂಗುತ್ತಿದೆ, ಆರೂ ಅಕ್ಷರ ಗಟ್ಟಿ.

ಫೋನು.
ಇನ್ನೊಮ್ಮೆ ಬಡಿದುಕೊಳ್ಳಲಿ ಬಿಡಿ.
ಹಲ್ಲಿನಲ್ಲಿ ದಾರ ಕಚ್ಚಿ ಹಿಡಿದಿದ್ದೇನೆ.